ಹಳೆಯ ಪಿಕಪ್, ಕಡಿಮೆ ದುಡ್ಡು: ಮೊದಲು ಯಾವುದು?

ಇಂದಿನ ಚಿಂತನೆಗೆ ಎತ್ತಿಕೊಂಡಿರುವ ಪ್ರಶ್ನೆ ಗ್ಯಾರೇಜಿನಲ್ಲಿ ಹುಟ್ಟಿದ್ದು. ನಮ್ಮ ಚಾಮರಾಜನಗರದ ಕಡೆ ಹಳೆಯ ಪಿಕಪ್ ಕೊಂಡು ದುಡಿಯುವ ತಮ್ಮಂದಿರು ಈಗ ಬೀದಿಗೊಬ್ಬರಾದರೂ ಇದ್ದಾರೆ. ಹೊಸ ಗಾಡಿಗೆ ಮುಂಗಡ ಕಟ್ಟುವ ಶಕ್ತಿ ಇಲ್ಲ. ಹೇಗೋ ಕಟ್ಟಿದರೂ ತಿಂಗಳ ಕಂತು ಕತ್ತಿಗೆ ಬಂದು ಕೂರುತ್ತದೆ. ಆದ್ದರಿಂದ ಹತ್ತು ಹನ್ನೆರಡು ವರ್ಷ ಯಾರದೋ ಕೈಯಲ್ಲಿ ಓಡಿದ ಗಾಡಿಯನ್ನು ಕೈಗೆಟುಕುವ ಬೆಲೆಗೆ ತಂದು, ಉಳಿದ ಚೂರುಪಾರು ಹಣದಲ್ಲಿ ರಿಪೇರಿ ಮಾಡಿಸಿ, ತರಕಾರಿ ಮಾರುಕಟ್ಟೆಗೋ ಇಟ್ಟಿಗೆ ಗೂಡಿಗೋ ಬಾಡಿಗೆಗೆ ಓಡಿಸುತ್ತಾರೆ. ಇರುವ ಹಣ ಎಲ್ಲ ಕೆಲಸಕ್ಕೂ ಸಾಲುವುದಿಲ್ಲ. ಹಾಗಾದರೆ ಮೊದಲು ಯಾವುದನ್ನು ಸರಿಮಾಡಿಸಬೇಕು?

ಇದಕ್ಕೆ ಮೆಕ್ಯಾನಿಕ್ ಉತ್ತರ ಹೇಳಲಿ, ಧಮ್ಮ ಅಧ್ಯಯನದವರಿಗೆ ಇಲ್ಲೇನು ಕೆಲಸ ಎಂದು ಕೇಳಬಹುದು. ಆದರೆ ಹಣ ಸಾಲದೆ ಇದ್ದಾಗ ನಾವು ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಎಂದು ಇಡುತ್ತೇವೋ ಅದರಲ್ಲಿ ನಮ್ಮ ಶೀಲ ಕಾಣುತ್ತದೆ. ಕೈತುಂಬ ಹಣ ಇದ್ದವನಿಗೆ ಈ ಪರೀಕ್ಷೆಯೇ ಬರುವುದಿಲ್ಲ.

*ಸಾಲವಿಲ್ಲದ ಸುಖ*

ಅಂಗುತ್ತರ ನಿಕಾಯದಲ್ಲಿ ಭಗವಾನ್ ಬುದ್ಧರು ಅನಾಥಪಿಂಡಿಕ ಗೃಹಪತಿಗೆ, ಸಂಸಾರದಲ್ಲಿದ್ದು ದುಡಿದು ತಿನ್ನುವವನಿಗೆ ದಕ್ಕಬಹುದಾದ ನಾಲ್ಕು ಸುಖಗಳನ್ನು ತಿಳಿಸುತ್ತಾರೆ. ಮೊದಲನೆಯದು ಅತ್ಥಿಸುಖ. ನ್ಯಾಯವಾಗಿ ದುಡಿದು ಗಳಿಸಿದ್ದು ತನ್ನಲ್ಲಿದೆ ಎಂಬ ನೆಮ್ಮದಿ ಅದು. ಎರಡನೆಯದು ಭೋಗಸುಖ. ಗಳಿಸಿದ್ದನ್ನು ತಾನೂ ಬಳಸಿ ಒಳ್ಳೆಯ ಕೆಲಸಕ್ಕೂ ಕೊಡುವ ನೆಮ್ಮದಿ. ಮೂರನೆಯದು ಅನಣಸುಖ, ಅಂದರೆ ಯಾರ ಸಾಲವೂ ತಲೆಯ ಮೇಲಿಲ್ಲ ಎಂಬ ನೆಮ್ಮದಿ. ನಾಲ್ಕನೆಯದು ಅನವಜ್ಜಸುಖ. ಕಾಯಾ ವಾಚಾ ಮನಸಾ ತನ್ನಿಂದ ಕೇಡಾಗಿಲ್ಲ, ತನ್ನ ನಡತೆಯಲ್ಲಿ ದೋಷವಿಲ್ಲ ಎಂಬ ನೆಮ್ಮದಿ.

ಹಳೆಯ ಗಾಡಿಯನ್ನು ಸರಿಮಾಡಿ ಓಡಿಸುವವನು ಹುಡುಕುತ್ತಿರುವುದು ಮೂರನೆಯ ಸುಖವನ್ನು. ಅದನ್ನು ಯಾರೂ ಹಗುರವಾಗಿ ಕಾಣಬಾರದು. ನಮ್ಮ ತಾತ ಮುತ್ತಾತಂದಿರು ಒಂದು ಮೂಟೆ ರಾಗಿಗೆ, ಒಂದು ಮದುವೆಯ ಖರ್ಚಿಗೆ ಜೀತಕ್ಕೆ ಬಿದ್ದವರು. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅವರ ಮೊಮ್ಮಗ ಸಾಲದ ಕಾಗದಕ್ಕೆ ಸಹಿ ಹಾಕಲು ಹಿಂದೆಮುಂದೆ ನೋಡಿದರೆ ಅದನ್ನು ಜಿಪುಣತನ ಅನ್ನಬೇಡಿ. ಮನೆತನದ ನೆನಪು ಅವನ ಕೈ ಹಿಡಿದು ನಿಲ್ಲಿಸುತ್ತದೆ.

ಹಳತನ್ನು ಬಳಸುವುದರಲ್ಲಿ ನಾಚಿಕೆಯೂ ಇಲ್ಲ. ವಿನಯ ಪಿಟಕದಲ್ಲಿ ಒಂದು ಪ್ರಸಂಗ ಬರುತ್ತದೆ. ಉದೇನ ರಾಜನ ಅಂತಃಪುರದ ಹೆಂಗಸರು ಭಂತೆ ಆನಂದರಿಗೆ 500 ವಸ್ತ್ರಗಳನ್ನು ದಾನ ಕೊಟ್ಟರು. ಒಬ್ಬ ಭಿಕ್ಷುವಿಗೆ ಇಷ್ಟೊಂದು ಬಟ್ಟೆ ಏಕೆ, ವ್ಯಾಪಾರ ಮಾಡುತ್ತಾರೋ ಎಂದು ರಾಜನಿಗೆ ಅನುಮಾನ ಬಂತು. ಹೋಗಿ ಕೇಳಿದ. ಚೀವರ ಸವೆದ ಭಿಕ್ಷುಗಳಿಗೆ ಹಂಚುತ್ತೇವೆ ಎಂದರು ಆನಂದರು. ಹಾಗಾದರೆ ಸವೆದ ಚೀವರಗಳನ್ನು ಏನು ಮಾಡುತ್ತೀರಿ? ಹಾಸಿಗೆಯ ಮೇಲುಹಾಸು ಮಾಡುತ್ತೇವೆ. ಅದೂ ಸವೆದರೆ? ಹಾಸಿಗೆಯ ಗವಸು. ಅದು ಸವೆದರೆ ನೆಲದ ಹಾಸು. ಆಮೇಲೆ ಕಾಲೊರಸುವ ಬಟ್ಟೆ, ಆಮೇಲೆ ಧೂಳು ಒರಸುವ ಬಟ್ಟೆ. ಅದೂ ಚಿಂದಿಯಾದರೆ ಕುಟ್ಟಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಸಾರಿಸುತ್ತೇವೆ. ರಾಜನ ಅನುಮಾನ ತೀರಿತು.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಮಿತವ್ಯಯದ ಪಾಠವೆಂದು ಓದುತ್ತೇವೆ. ಅದರಲ್ಲಿ ಇನ್ನೊಂದು ಪಾಠವೂ ಇದೆ. ಆನಂದರು ಹರಿದ ಚೀವರವನ್ನು ಚೀವರವಾಗಿಯೇ ಮುಂದುವರಿಸಿ ಎನ್ನಲಿಲ್ಲ. ಬಟ್ಟೆ ಸವೆದಂತೆ ಅದಕ್ಕೆ ಕೊಡುವ ಕೆಲಸವನ್ನೂ ಇಳಿಸುತ್ತಾ ಬಂದರು. ಕಾಲೊರಸುವ ಬಟ್ಟೆ ಹರಿದರೆ ಯಾರಿಗೂ ನೋವಾಗುವುದಿಲ್ಲ. ಹಳತನ್ನು ಬಳಸುವ ವಿವೇಕ ಇದೇ: ಅದು ಕೈಕೊಟ್ಟರೂ ಯಾರಿಗೂ ಕೇಡಾಗದ ಜಾಗದಲ್ಲಿ ಅದನ್ನು ಇಡುವುದು.

*ಗಾಡಿಯ ಕೆಳಗೆ ಮಲಗಿ ನೋಡಿದರೆ*

ಈ ಒಂದು ಅಳತೆಯನ್ನು ಹಿಡಿದು ಪಿಕಪ್ ಹತ್ತಿರ ಹೋಗೋಣ. ಪ್ರತಿ ಭಾಗವನ್ನೂ ಮುಟ್ಟಿ ಕೇಳಿಕೊಳ್ಳೋಣ: ಇದು ಕೈಕೊಟ್ಟರೆ ಯಾರಿಗೆ ಏನಾಗುತ್ತದೆ?

ಗುಜರಿಯಿಂದ ತಂದ ಬಾಗಿಲು, ಬಾನೆಟ್, ಸೀಟು, ಕಿಟಕಿಯ ಗಾಜು ಏರಿಸುವ ಹ್ಯಾಂಡಲ್ ಇವೆಲ್ಲ ಧಾರಾಳವಾಗಿ ನಡೆಯುತ್ತವೆ. ಸೀಟು ಹರಿದರೆ ಗೋಣಿಚೀಲ ಹಾಸಿಕೊಳ್ಳಬಹುದು. ಡೈನಮೋ ಕೈಕೊಟ್ಟರೆ ಗಾಡಿ ನಿಲ್ಲುತ್ತದೆ, ಒಂದು ದಿನದ ಬಾಡಿಗೆ ಹೋಗುತ್ತದೆ, ಅಷ್ಟೇ. ಆದರೆ ಬ್ರೇಕ್ ಲೈನರ್, ಬ್ರೇಕಿನ ರಬ್ಬರ್ ಪೈಪು, ಸ್ಟೀರಿಂಗಿನ ಟೈ ರಾಡ್ ಎಂಡ್, ಮುಂದಿನ ಟೈರು ಇವುಗಳಲ್ಲಿ ಹಳತು ಬೇಡ. ಕೈಕೊಡುವ ದಿನ ಅವು ಹೇಳಿ ಕೇಳಿ ಕೊಡುವುದಿಲ್ಲ.

ಬ್ರೇಕ್ ಆಯಿಲ್ ಒಂದನ್ನೇ ನೋಡಿ. ಪೆಡಲ್ ತುಳಿದಾಗ ಆ ಒತ್ತಡವನ್ನು ಚಕ್ರಗಳಿಗೆ ಮುಟ್ಟಿಸುವುದು ಅದು. ಗಾಳಿಯಲ್ಲಿರುವ ತೇವವನ್ನು ಮೆಲ್ಲಗೆ ಹೀರಿಕೊಳ್ಳುವುದು ಅದರ ಗುಣ. ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ. ಸಮತಟ್ಟು ರಸ್ತೆಯಲ್ಲಿ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ. ನಮ್ಮ ಕಡೆಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಕಡಿದಾದ ತಿರುವುಗಳಿವೆ. ತುಂಬಿದ ಲೋಡಿನಲ್ಲಿ ಅಲ್ಲಿ ಮೇಲಿಂದ ಮೇಲೆ ಬ್ರೇಕ್ ತುಳಿಯುತ್ತಾ ಇಳಿದರೆ ಆಯಿಲ್ ಕಾದು, ಒಳಗಿನ ನೀರು ಆವಿಯಾಗಿ, ಪೈಪಿನಲ್ಲಿ ಗುಳ್ಳೆ ಏಳುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಬ್ರೇಕನ್ನು ಒತ್ತುವುದಿಲ್ಲ. ಪೆಡಲ್ ಮೆತ್ತಗೆ ಒಳಕ್ಕೆ ಹೋಗುತ್ತದೆ. ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕಾದ ಈ ಆಯಿಲ್‌ಗೆ ಬೀಳುವುದು ಕೆಲವು ನೂರು ರೂಪಾಯಿ. ಬಣ್ಣಕ್ಕೂ ಹಾಡಿನ ಡಬ್ಬಕ್ಕೂ ಬೀಳುವುದು ಎಷ್ಟು ಎಂದು ನಿಮಗೇ ಗೊತ್ತು.

ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ ಅದು 2019ನೇ ಇಸವಿಯ 23ನೇ ವಾರ ತಯಾರಾದದ್ದು. ಮಾರುವವನು ಏನೇ ಹೇಳಲಿ, ಟೈರು ತನ್ನ ವಯಸ್ಸನ್ನು ತಾನೇ ಹೇಳುತ್ತದೆ. ಪಟ್ಟಿ 1.6 ಮಿಲಿಮೀಟರ್‌ಗಿಂತ ಸವೆದಿರಬಾರದು ಎಂದು ಕಾನೂನು ಹೇಳುತ್ತದೆ. ರೀಸೋಲ್ ಮಾಡಿದ ಟೈರು ಇದ್ದರೆ ಮುಂದಕ್ಕೆ ಹಾಕಬೇಡಿ. ಮುಂದಿನ ಟೈರು ಸಿಡಿದರೆ ಸ್ಟೀರಿಂಗ್ ಕೈಗೆ ನಿಲ್ಲುವುದಿಲ್ಲ. ಚಾಸಿಯ ಕೆಳಗೆ ತುಕ್ಕು ಕಂಡಲ್ಲಿ ಒಂದು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಒಳಕ್ಕೆ ಹೋದರೆ ಆ ಗಾಡಿಯನ್ನು ಕೊಳ್ಳುವುದೇ ಬೇಡ. ಎಷ್ಟು ಅಗ್ಗವಾದರೂ ಅದು ದುಬಾರಿ.

ಹೀಗೆ ನೋಡುತ್ತಾ ಹೋದರೆ ಖರ್ಚಿನ ಸಾಲು ತಾನಾಗಿ ತಯಾರಾಗುತ್ತದೆ. ಮೊದಲು *ನಿಲ್ಲುವುದು*: ಬ್ರೇಕು. ಆಮೇಲೆ *ತಿರುಗುವುದು*: ಸ್ಟೀರಿಂಗು, ಟೈರು. ಆಮೇಲೆ *ಕಾಣುವುದು, ಕಾಣಿಸಿಕೊಳ್ಳುವುದು*: ಹೆಡ್‌ಲೈಟು, ವೈಪರು, ಹಿಂದಿನ ಕೆಂಪು ದೀಪ. ಆಮೇಲೆ *ಹೊರುವುದು*: ಚಾಸಿ, ಕಮಾನು ಪ್ಲೇಟು. ಆಮೇಲೆ *ಓಡುವುದು*: ಎಂಜಿನ್ನು, ಕ್ಲಚ್ಚು. ಕಟ್ಟಕಡೆಗೆ *ಹೊಳೆಯುವುದು*.

ನಾವು ಮಾಡುವುದು ಹೆಚ್ಚುಕಡಿಮೆ ಇದರ ತಲೆಕೆಳಗು. ಕಾರಣವೂ ಸರಳ. ಎಂಜಿನ್ ಕೆಟ್ಟರೆ ಗಾಡಿ ಕದಲುವುದಿಲ್ಲ, ನಷ್ಟ ನನಗೆ, ಅದೂ ಇವತ್ತೇ. ಬ್ರೇಕ್ ಅರ್ಧ ಹಿಡಿದರೂ ಗಾಡಿ ಓಡುತ್ತದೆ, ಬಾಡಿಗೆ ಬರುತ್ತದೆ. ನಷ್ಟವಾದರೆ ಯಾರಿಗೋ, ಯಾವತ್ತೋ. ನನ್ನನ್ನು ಚುಚ್ಚುವ ದೋಷ ಕೂಗಿ ಕರೆಯುತ್ತದೆ. ಬೇರೆಯವರನ್ನು ಕೊಲ್ಲುವ ದೋಷ ಬಾಯಿ ಮುಚ್ಚಿಕೊಂಡು ಕಾಯುತ್ತದೆ. ಆ ಬಾಯಿಲ್ಲದ ದೋಷಕ್ಕೆ ಕಿವಿಗೊಡುವುದನ್ನೇ ನಮ್ಮ ಧಮ್ಮ ಅಪ್ಪಮಾದ ಎನ್ನುತ್ತದೆ.

*ಇಬ್ಬರಿದ್ದಲ್ಲಿ ಧಮ್ಮ*

ಬಾಬಾಸಾಹೇಬರು ತಮ್ಮ ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದಲ್ಲಿ ಒಂದು ಮಾತನ್ನು ಬಹಳ ಸ್ಪಷ್ಟವಾಗಿ ವಿವರಿಸಿದ್ದಾರೆ. ಲೋಕದಲ್ಲಿ ಒಬ್ಬನೇ ಮನುಷ್ಯನಿದ್ದರೆ ಅವನಿಗೆ ಧಮ್ಮದ ಅಗತ್ಯವಿಲ್ಲ. ಇಬ್ಬರು ಇದ್ದು, ಒಬ್ಬರಿಗೊಬ್ಬರು ಸಂಬಂಧದಲ್ಲಿ ಬದುಕಬೇಕಾದಾಗ ಧಮ್ಮ ಬೇಕೇಬೇಕು. ಧಮ್ಮ ಅಂದರೆ ಮನುಷ್ಯ ಮನುಷ್ಯರ ನಡುವಿನ ಸರಿಯಾದ ಸಂಬಂಧ.

ಎಂಜಿನ್ನು ಒಬ್ಬನಿಗಾಗಿ ಇದೆ. ಬ್ರೇಕು ಇರುವುದು ಇಬ್ಬರಿದ್ದಾರೆ ಎಂಬುದಕ್ಕೆ. ರಸ್ತೆಯಲ್ಲಿ ನಾನೊಬ್ಬನೇ ಇದ್ದಿದ್ದರೆ ನಿಲ್ಲುವ ಅವಸರವೇ ಬರುತ್ತಿರಲಿಲ್ಲ. ಸಂಜೆ ಶಾಲೆ ಬಿಟ್ಟಾಗ ನಮ್ಮ ಊರಿನ ರಸ್ತೆಯ ತುಂಬ ಮಕ್ಕಳು. ಬ್ಯಾಗು ಹೊತ್ತ ಎಂಟು ವರ್ಷದ ಹುಡುಗಿ ಅಕ್ಕನ ಕೈ ಬಿಡಿಸಿಕೊಂಡು ರಸ್ತೆ ದಾಟುತ್ತಾಳೆ. ಎದುರು ಬರುವ ಪಿಕಪ್ಪಿನ ಮಾಲೀಕನ ಕಷ್ಟ ಅವಳಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವನು ನಿಲ್ಲಿಸುತ್ತಾನೆ ಎಂದು ನಂಬಿ ಅವಳು ದಾಟುತ್ತಾಳೆ. ಆ ನಂಬಿಕೆಯೇ ಅವರಿಬ್ಬರ ನಡುವೆ ಇರುವ ಸಂಬಂಧ.

ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸುತ್ತೇವಲ್ಲ, ಸಾಲದೇ ಎಂದು ಕೇಳುವವರಿದ್ದಾರೆ. ಎಫ್‌ಸಿ ದಿನ ಗೆಳೆಯನ ಗಾಡಿಯ ಟೈರು ಹಾಕಿಕೊಂಡು ಹೋಗಿ ಮರುದಿನ ಕಳಚಿಕೊಡುವ ಜಾಣತನ ನಮಗೆ ಗೊತ್ತಿಲ್ಲದ್ದೇನಲ್ಲ. 1936ರಲ್ಲಿ ‘ಜಾತಿ ವಿನಾಶ’ ಬರೆದಾಗ ಬಾಬಾಸಾಹೇಬರು ನಿಯಮಕ್ಕೂ ತತ್ವಕ್ಕೂ ಇರುವ ಅಂತರವನ್ನು ಎತ್ತಿ ತೋರಿಸಿದ್ದರು. ನಿಯಮವನ್ನು ಯಂತ್ರದ ಹಾಗೆ ಪಾಲಿಸಬಹುದು. ತತ್ವವನ್ನು ಪಾಲಿಸಬೇಕಾದರೆ ಮನುಷ್ಯ ತಾನೇ ಹೊಣೆ ಹೊರಬೇಕು. ಎಫ್‌ಸಿ ನಿಯಮ. ಶೀಲ ತತ್ವ. ಎಫ್‌ಸಿ ವರ್ಷಕ್ಕೆ ಒಂದು ದಿನ ಗಾಡಿಯನ್ನು ನೋಡುತ್ತದೆ, ಉಳಿದ 364 ದಿನ ನೋಡಬೇಕಾದದ್ದು ನಮ್ಮ ಶೀಲ.

*ಚಾಳೀಸಗಾಂವಿನ ಟಾಂಗಾ*

ವಾಹನ, ಬಡತನ, ಗೌರವ ಇವು ಮೂರೂ ಒಂದೇ ಕಡೆ ಕೂಡಿದ ಘಟನೆಯೊಂದನ್ನು ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿದ್ದಾರೆ. ಅದು 1929. ಖಾನ್‌ದೇಶದ ಪ್ರವಾಸದಿಂದ ಹಿಂದಿರುಗುವಾಗ ಚಾಳೀಸಗಾಂವಿನ ನಮ್ಮ ಜನ ಅವರನ್ನು ತಮ್ಮ ಕೇರಿಗೆ ಬಂದು ರಾತ್ರಿ ತಂಗಬೇಕೆಂದು ಬೇಡಿಕೊಂಡರು. ಕೇರಿ ನಡೆದು ಹೋಗುವಷ್ಟು ಹತ್ತಿರದಲ್ಲೇ ಇತ್ತು. ಆದರೆ ಇಷ್ಟು ದೊಡ್ಡ ಅತಿಥಿಯನ್ನು ನಡೆಸಿಕೊಂಡು ಹೋಗುವುದು ಹೇಗೆ? ಟಾಂಗಾ ಹುಡುಕಿದರು. ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸಲು ಟಾಂಗಾದವರು ಒಪ್ಪಲಿಲ್ಲ. ಕೊನೆಗೆ ಟಾಂಗಾವನ್ನು ಕೊಡುತ್ತೇವೆ, ಓಡಿಸುವುದು ನೀವೇ ಎಂಬ ಒಪ್ಪಂದವಾಯಿತು. ಓಡಿಸಿ ಅಭ್ಯಾಸವಿಲ್ಲದ ನಮ್ಮವನೊಬ್ಬ ಲಗಾಮು ಹಿಡಿದ. ಹೊಳೆಯ ಸೇತುವೆಯ ಮೇಲೆ ಚಕ್ರ ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ಟರು. ಕುದುರೆಯೂ ಗಾಡಿಯೂ ಹೊಳೆಗೆ ಬಿದ್ದವು. ಅವರ ಕಾಲಿನ ಮೂಳೆ ಮುರಿಯಿತು.

ಯೋಚಿಸಿ ಬಂಧುಗಳೇ. ಸಂವಿಧಾನ ಬರೆಯಬೇಕಾಗಿದ್ದ ಕೈ, ನಮ್ಮನ್ನು 1956ರಲ್ಲಿ ನಾಗಪುರಕ್ಕೆ ಕರೆದೊಯ್ಯಬೇಕಾಗಿದ್ದ ಕಾಲು ಆ ಸೇತುವೆಯ ಮೇಲೇ ಮುಗಿದುಹೋಗಬಹುದಿತ್ತು. ಓಡಿಸಲು ಒಪ್ಪದ ಜಾತಿಯ ಸೊಕ್ಕೇ ಇದರ ಮೂಲ. ಅದರಲ್ಲಿ ಎರಡು ಮಾತಿಲ್ಲ. ಬಾಬಾಸಾಹೇಬರು ಅದನ್ನು ಎಲ್ಲೂ ಮರೆಮಾಚಲಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಲೂ ಇಲ್ಲ. ಅತಿಥಿಯ ಗೌರವ ಉಳಿಸುವ ಭರದಲ್ಲಿ, ಕೂತವನ ಪ್ರಾಣ ಅವನ ಗೌರವಕ್ಕಿಂತ ದೊಡ್ಡದು ಎಂಬುದನ್ನು ನಮ್ಮವರು ಮರೆತರು ಎಂದೂ ದಾಖಲಿಸಿದರು. ಸಿಟ್ಟಿನಿಂದ ಬರೆದದ್ದಲ್ಲ ಅದು. ತನ್ನ ಜನರನ್ನು ಬಹಳ ಪ್ರೀತಿಸಿದವರು ಮಾತ್ರ ಹಾಗೆ ಹೇಳಲು ಸಾಧ್ಯ.

ನಮ್ಮ ತಮ್ಮಂದಿರಿಗೆ ಸ್ವಂತ ಪಿಕಪ್ ಅಂದರೆ ಬರೀ ದುಡಿಮೆಯಲ್ಲ. ಒಂದು ಕಾಲಕ್ಕೆ ಬಸ್ಸಿನಲ್ಲಿ ಕೂರಲೂ ಹಿಂಜರಿಯಬೇಕಾಗಿದ್ದ ಮನೆಯ ಬಾಗಿಲಲ್ಲಿ ಇಂದು ಸ್ವಂತ ಗಾಡಿ ನಿಂತಿದೆ. ಅದು ಹೊಳೆಯಬೇಕು ಎಂಬ ಆಸೆ ತಪ್ಪಲ್ಲ, ನ್ಯಾಯವಾದದ್ದೇ. ಆದರೆ ಚಾಳೀಸಗಾಂವಿನ ಸೇತುವೆ ನೆನಪಿರಲಿ. ಗೌರವ ಬೇಕು, ಅದಕ್ಕಿಂತ ಮೊದಲು ಪ್ರಾಣ ಉಳಿಯಬೇಕು.

*ನಿಂಬೆಹಣ್ಣೂ ನೀಲಿ ಬಾವುಟವೂ*

ಆಯುಧಪೂಜೆಯ ದಿನ ಜನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು, ಗಾಡಿಗೆ ದೃಷ್ಟಿ ತೆಗೆಯುತ್ತಾರೆ. 22 ಪ್ರತಿಜ್ಞೆ ತೆಗೆದುಕೊಂಡ ನಾವು ಅದನ್ನು ಬಿಟ್ಟಿದ್ದೇವೆ. ನಿಂಬೆಹಣ್ಣು ಬ್ರೇಕ್ ಹಿಡಿಯುವುದಿಲ್ಲ ಎಂದು ನಗುತ್ತೇವೆ ಕೂಡ. ಆದರೆ ನಿಂಬೆಹಣ್ಣಿದ್ದ ಜಾಗಕ್ಕೆ ನಾವು ಏನನ್ನು ತಂದಿದ್ದೇವೆ? ಮುಂದಿನ ಗಾಜಿಗೆ ಬಾಬಾಸಾಹೇಬರ ಚಿತ್ರ, ಬಾನೆಟ್ಟಿಗೆ ನೀಲಿ ಬಾವುಟ, ಹಿಂದೆ ದೊಡ್ಡ ಅಕ್ಷರದಲ್ಲಿ ಜೈ ಭೀಮ್. ಇದ್ದರೆ ಸಂತೋಷ. ಆದರೆ ಲೈನರ್ ಸವೆದಿದ್ದರೆ ಚಿತ್ರವೂ ಬ್ರೇಕ್ ಹಿಡಿಯುವುದಿಲ್ಲ. ಕಾರಣವಿದ್ದರೆ ಕಾರ್ಯ ಎಂದು ಕಲಿಸಿದ ಬುದ್ಧರ ಶಿಷ್ಯರು ಒಂದು ತಾಯತವನ್ನು ಬಿಚ್ಚಿ ಇನ್ನೊಂದು ತಾಯತ ಕಟ್ಟಿಕೊಳ್ಳಬಾರದು. ಜೈ ಭೀಮ್ ಎಂದು ಬರೆದ ಗಾಡಿ ಎದುರು ಬಂದರೆ ಮಕ್ಕಳನ್ನು ಧೈರ್ಯವಾಗಿ ರಸ್ತೆ ದಾಟಿಸಬಹುದು ಎಂದು ಊರು ಹೇಳುವಂತಾದರೆ, ಅದು ಬಾಬಾಸಾಹೇಬರಿಗೆ ಸಲ್ಲುವ ಗೌರವ.

*ಬಡವನಿಗೆ ಮಾತ್ರ ಏಕೆ ಈ ಉಪದೇಶ?*

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಬ್ಯಾಂಕು ಜಾಮೀನು ಕೇಳುತ್ತದೆ. ರಸ್ತೆ ಗುಂಡಿ ಬಿದ್ದಿದೆ. ಡೀಸೆಲ್ ಏರಿದೆ. ಬಾಡಿಗೆ ಮಾತ್ರ ಏರಿಲ್ಲ. ಎಲ್ಲರೂ ಸೇರಿ ಕತ್ತು ಹಿಸುಕಿದ ಮೇಲೆ ಶೀಲದ ಪಾಠವನ್ನು ಬಡವನಿಗೇ ಹೇಳಬೇಕೇ?

ಆಕ್ಷೇಪ ನಿಜ. ಆದ್ದರಿಂದ ಪಾಠ ಅವನೊಬ್ಬನಿಗೇ ಅಲ್ಲ. ಮಾರುಕಟ್ಟೆಗೆ ಟೊಮೆಟೊ ಕಳಿಸುವಾಗ ನೂರು ರೂಪಾಯಿ ಕಡಿಮೆಗೆ ಬರುವವನನ್ನು ಹುಡುಕುವ ನಾವು, ಆ ನೂರು ರೂಪಾಯಿ ಎಲ್ಲಿಂದ ಉಳಿಯಿತು ಎಂದು ಕೇಳುವುದಿಲ್ಲ. ಬಹಳ ಸಲ ಅದು ಅವನ ಬ್ರೇಕಿನಿಂದಲೇ ಉಳಿದಿರುತ್ತದೆ. ಕಳೆ ಕೀಳಲು ಹೋಗುವ ತಾಯಂದಿರನ್ನು ಹಿಂದೆ ನಿಲ್ಲಿಸಿಕೊಂಡು ಬಾ ಎಂದು ಹೇಳುವ ತೋಟದ ಮಾಲೀಕನಿಗೆ, ಸರಕಿನ ಗಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ ಎಂದು ಗೊತ್ತು. ಅಪಘಾತವಾದ ದಿನ ಅವನು ಎಲ್ಲೂ ಕಾಣುವುದಿಲ್ಲ. ಸಮ್ಮಾ ಆಜೀವ ಗಾಡಿ ಓಡಿಸುವವನಿಗೆ ಎಷ್ಟೋ, ಬಾಡಿಗೆ ಕೊಡುವವನಿಗೂ ಅಷ್ಟೇ.

ಆದರೂ ಒಂದು ಮಾತನ್ನು ನಾವು ನಾವೇ ಹೇಳಿಕೊಳ್ಳಬೇಕು. ನನ್ನ ಬಡತನಕ್ಕೆ ನಾನು ಕಾರಣನಲ್ಲ, ಸರಿ. ರಸ್ತೆ ದಾಟುವ ಆ ಹುಡುಗಿಯೂ ಕಾರಣಳಲ್ಲ. ಅನ್ಯಾಯ ಮಾಡಿದವರು ತೀರಿಸಬೇಕಾದ ಬಾಕಿಯನ್ನು ಅವಳಿಂದ ವಸೂಲಿ ಮಾಡುವ ಹಕ್ಕು ನನಗಿಲ್ಲ. ಹೆಚ್ಚಾಗಿ ಅವಳು ಕೂಡ ನಮ್ಮಂಥದೇ ಮನೆಯ ಮಗು. ಕಾರಿನಲ್ಲಿ ಓಡಾಡುವವರ ಮಕ್ಕಳು ಆ ಹೊತ್ತಿನಲ್ಲಿ ರಸ್ತೆಯ ಅಂಚಿನಲ್ಲಿ ನಡೆಯುತ್ತಿರುವುದಿಲ್ಲ.

ದಾರಿ ಇಲ್ಲದೆ ಇಲ್ಲ. ಸಿಗಾಲೋವಾದ ಸುತ್ತದಲ್ಲಿ ಭಗವಾನರು ಗಳಿಕೆಯನ್ನು ನಾಲ್ಕು ಪಾಲು ಮಾಡಲು ತಿಳಿಸುತ್ತಾರೆ: ಒಂದು ಪಾಲು ಜೀವನಕ್ಕೆ, ಎರಡು ಪಾಲು ಕಸುಬಿಗೆ, ಒಂದು ಪಾಲು ಕಷ್ಟಕಾಲಕ್ಕೆ. ನಮ್ಮ ಗಳಿಕೆ ಹಾಗೆ ಸರಿಯಾಗಿ ಪಾಲಾಗುವಷ್ಟು ಇಲ್ಲದಿರಬಹುದು. ಆದರೆ ಕಸುಬಿನಿಂದ ಬಂದದ್ದರಲ್ಲಿ ಕಸುಬಿಗೂ ಪಾಲಿದೆ ಎಂಬ ತತ್ವ ಎಲ್ಲರಿಗೂ ಸಲ್ಲುತ್ತದೆ. ದುಡಿದ ದಿನ 50 ರೂಪಾಯಿ ಡಬ್ಬಿಗೆ ಹಾಕಿದರೆ ತಿಂಗಳಿಗೆ 25 ದಿನದಂತೆ 1250 ರೂಪಾಯಿ, ವರ್ಷಕ್ಕೆ 15,000 ರೂಪಾಯಿ. ಬ್ರೇಕು ಟೈರುಗಳ ಬಹುಪಾಲು ಕೆಲಸಕ್ಕೆ ಅದು ಆಸರೆಯಾಗುತ್ತದೆ. ಅಷ್ಟೂ ಆಗದ ತಿಂಗಳಲ್ಲಿ ಸಂಘದ ಹಣ ಇದೆ. ಮದುವೆಗೆ, ತಿಥಿಗೆ, ಹಬ್ಬಕ್ಕೆ ಸಾಲ ಕೊಡುವ ನಮ್ಮ ಸ್ವಸಹಾಯ ಸಂಘಗಳು ಒಂದು ಜೊತೆ ಟೈರಿಗೆ, ಒಂದು ಸೆಟ್ ಲೈನರ್‌ಗೆ ಕೊಡಲಾರವೇ? ಕಲ್ಯಾಣಮಿತ್ರ ಎಂದರೆ ಒಟ್ಟಿಗೆ ವಂದನೆ ಹೇಳುವವನು ಮಾತ್ರ ಅಲ್ಲ. ನಿನ್ನ ಗಾಡಿಯ ಬ್ರೇಕು ಸರಿಯಿಲ್ಲ, ಇವತ್ತು ಓಡಿಸಬೇಡ ಎಂದು ಕೀಲಿಗೆ ಕೈ ಹಾಕುವವನೂ ಹೌದು.

*ನಾಲ್ಕನೆಯ ಸುಖ*

ಅನಾಥಪಿಂಡಿಕನಿಗೆ ನಾಲ್ಕು ಸುಖಗಳನ್ನು ಹೇಳಿದ ಭಗವಾನರು ಕೊನೆಗೆ ಅವುಗಳನ್ನು ತೂಗಿಯೂ ತೋರಿಸುತ್ತಾರೆ. ಮೊದಲ ಮೂರು ಸುಖಗಳು ಸೇರಿದರೂ ಅನವಜ್ಜಸುಖದ ಹದಿನಾರನೆಯ ಒಂದು ಭಾಗಕ್ಕೆ ಸಮನಾಗುವುದಿಲ್ಲ ಎಂಬುದು ಅವರ ತೂಕ. ಹಳೆಯ ಗಾಡಿಯವನಿಗೆ ಈ ಲೆಕ್ಕ ಬೇರೆ ಯಾರಿಗಿಂತ ಚೆನ್ನಾಗಿ ಅರ್ಥವಾಗಬೇಕು. ಬ್ಯಾಂಕಿಗೆ ಸಾಲವಿಲ್ಲ ಎಂದು ಹೆಮ್ಮೆಪಡುತ್ತಾ ಸವೆದ ಬ್ರೇಕಿನಲ್ಲಿ ಓಡಿಸುವವನು ನಿಜಕ್ಕೂ ಸಾಲದಲ್ಲಿದ್ದಾನೆ. ಎದುರು ಬರುವ ಪ್ರತಿಯೊಬ್ಬರಿಂದಲೂ ಅವರಿಗೆ ತಿಳಿಯದ ಹಾಗೆ ಒಂದಿಷ್ಟು ಪ್ರಾಣವನ್ನು ಕಡ ತೆಗೆದುಕೊಳ್ಳುತ್ತಿದ್ದಾನೆ. ಆ ಸಾಲಕ್ಕೆ ಕಂತಿಲ್ಲ. ಒಂದೇ ದಿನ, ಒಂದೇ ಸಲಕ್ಕೆ ವಸೂಲಾಗುತ್ತದೆ.

ಗಾಡಿ ಮಾರುವ ದಿನವೂ ಇದೇ ಮಾತು. ಬಿರುಕು ಬಿಟ್ಟ ಚಾಸಿಗೆ ವೆಲ್ಡಿಂಗ್ ಮಾಡಿಸಿ, ಮೇಲೆ ಬಣ್ಣ ಬಳಿದು, ಏನೂ ಹೇಳದೆ ಕೀಲಿ ಕೊಟ್ಟರೆ ಬಾಯಿ ಸುಳ್ಳು ಹೇಳಿಲ್ಲ, ಬಣ್ಣ ಹೇಳಿದೆ. ಕೊಳ್ಳುವವನನ್ನು ಗಾಡಿಯ ಕೆಳಗೆ ಕರೆದು ಬೆರಳಿಟ್ಟು ತೋರಿಸಿ, ಅದಕ್ಕೆ ತಕ್ಕ ಬೆಲೆ ತೆಗೆದುಕೊಳ್ಳುವವನಿಗೆ ನಾಲ್ಕೈದು ಸಾವಿರ ಕಡಿಮೆ ಬರಬಹುದು. ಅವನ ರಾತ್ರಿಯ ನಿದ್ದೆಗೆ ಬೆಲೆ ಕಟ್ಟುವವರು ಯಾರು?

ಇಂದಿನ ಅಭ್ಯಾಸ ಇಷ್ಟು. ಪಿಕಪ್ ಇರಲಿ, ಆಟೋ ಇರಲಿ, ಬೈಕೇ ಇರಲಿ, ಹೊರಡುವ ಮೊದಲು ನಿಂತಲ್ಲೇ ಒಮ್ಮೆ ಬ್ರೇಕ್ ತುಳಿದು ನೋಡಿ. ಪೆಡಲ್ ಗಟ್ಟಿಯಾಗಿ ನಿಂತರೆ ಹೊರಡಿ. ಮೆತ್ತಗಾದರೆ, ಇವತ್ತಿನ ಬಾಡಿಗೆ ಹೋದರೂ ಹೋಗಲಿ, ಗಾಡಿ ನಿಲ್ಲಲಿ. ಗಾಡಿ ಇಲ್ಲದವರು ಗಾಡಿ ಇರುವ ಒಬ್ಬರಿಗೆ ಈ ಮಾತನ್ನು ತಲುಪಿಸಿ.

ಎಲ್ಲರ ಪಯಣವೂ ಕ್ಷೇಮವಾಗಿರಲಿ. ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್.